ನಾಟಿ ಯಂತ್ರಕ್ಕೆ ಕೈ ಹಾಕುವ ಮುನ್ನ



ಅಗೆ ಹಾಕುವ ಕಾಲ ಬಂದಿದೆ. ಇನ್ನು ಮೂರು ವಾರ ಕಳೆಯುವುದರೊಳಗೆ ನಮ್ಮ ಅಮ್ಮತ್ತಿ ಹೋಬಳಿಯ ಕಾವಾಡಿ, ಬಿಳುಗುಂದ, ಹಾಲುಗುಂದ, ಕಣ್ಣಂಗಾಲದ ಬಯಲುಗಳಲ್ಲಿ ಕೆಸರು ಕಲಸಿ ನಾಟಿ ಮೊದಲಾಗುತ್ತದೆ. ಹಿಂದೆ ಹೆಂಗಸರು ಸಾಲಾಗಿ ಬಗ್ಗಿ ನಿಂತು ನೆಡುತ್ತಿದ್ದ ಗದ್ದೆಗಳಿಗೆ ಈಗ ಆಳು ಸಿಕ್ಕುವುದು ಕಷ್ಟ. ಕಾಫಿ ತೋಟದ ಕೆಲಸಕ್ಕೇ ಜನ ಸಾಲದಿರುವಾಗ ಗದ್ದೆಗೆ ಯಾರು ಬಂದಾರು? ಈ ಕಾರಣದಿಂದಲೇ ಪಾಳು ಬಿದ್ದ ಗದ್ದೆಗಳನ್ನು ರಸ್ತೆಯ ಇಕ್ಕೆಲದಲ್ಲಿಯೂ ನೋಡುತ್ತಿದ್ದೇವೆ. ಗದ್ದೆಯನ್ನು ಉಳಿಸಿಕೊಳ್ಳಬೇಕೆಂಬ ಹಟವಿದ್ದವರು ನಾಟಿ ಯಂತ್ರವನ್ನು ತರಿಸುತ್ತಿದ್ದಾರೆ. ಕೆಲವರು ಸ್ವಂತಕ್ಕೆ ಕೊಂಡಿದ್ದಾರೆ, ಹಲವರು ಬಾಡಿಗೆಗೆ ಪಡೆಯುತ್ತಾರೆ. ಒಳ್ಳೆಯದೇ ಆಯಿತು. ಆದರೆ ಈ ಹೊತ್ತು ನಾನು ಯಂತ್ರದ ಲಾಭದ ಮಾತನ್ನು ಆಡುವುದಿಲ್ಲ. ಯಂತ್ರದ ಬಳಿ ಹೋಗುವ ನಿಮ್ಮ ಹತ್ತು ಬೆರಳುಗಳ ಮಾತನ್ನು ಆಡಬೇಕೆಂದಿದ್ದೇನೆ.

ನಮ್ಮ ಕಡೆಯಲ್ಲಿ ಕಾಣುವ ಯಂತ್ರಗಳು ಮುಖ್ಯವಾಗಿ ಎರಡು ಬಗೆಯವು. ಹಿಂದಿನಿಂದ ನಡೆದುಕೊಂಡು ಹೋಗುವ ನಾಲ್ಕು ಸಾಲಿನ ಯಂತ್ರ ಒಂದು. ಇದು ಸಾಲಿನಿಂದ ಸಾಲಿಗೆ 30 ಸೆಂ.ಮೀ. ಬಿಟ್ಟು ನೆಡುತ್ತದೆ. ಮೇಲೆ ಕುಳಿತು ನಡೆಸುವ ಎಂಟು ಸಾಲಿನದು ಇನ್ನೊಂದು. ಇದರಲ್ಲಿ ಸಾಲುಗಳ ನಡುವಣ ಅಂತರ 24 ಸೆಂ.ಮೀ.ಗೆ ತುಸು ಕಡಿಮೆ. ಗಾತ್ರ ಬೇರೆಯಾದರೂ ಕೆಲಸ ಮಾಡುವ ಕ್ರಮ ಒಂದೇ. ಓರೆಯಾಗಿ ನಿಂತ ತಟ್ಟೆಯ ಮೇಲೆ ಸಸಿಯ ಚಾಪೆ ಜಾರಿಕೊಂಡು ಕೆಳಗೆ ಬರುತ್ತದೆ. ತಟ್ಟೆಯ ಬಾಯಿಯಲ್ಲಿ ಕಬ್ಬಿಣದ ಬೆರಳುಗಳು ಚಾಪೆಯಿಂದ ಮೂರು ನಾಲ್ಕು ಸಸಿಗಳನ್ನು ಕಿತ್ತುಕೊಂಡು ಹೋಗಿ ಕೆಸರಿನಲ್ಲಿ ಊರುತ್ತವೆ. ಊರುವ ಗಳಿಗೆಯಲ್ಲಿ ಒಳಗಿನಿಂದ ಸ್ಪ್ರಿಂಗಿನ ಬಲದಲ್ಲಿ ಒಂದು ಸಣ್ಣ ಕಡ್ಡಿ ಹೊರಚಿಮ್ಮಿ ಸಸಿಯನ್ನು ತಳ್ಳುತ್ತದೆ.

ಇದರ ವೇಗವನ್ನು ನೀವೇ ಲೆಕ್ಕ ಹಾಕಿ ನೋಡಿ. ಯಂತ್ರ ಒಂದು ಸೆಕೆಂಡಿಗೆ 60 ಸೆಂ.ಮೀ. ಮುಂದೆ ಹೋಗುತ್ತದೆ, 15 ಸೆಂ.ಮೀ.ಗೊಂದು ಗುಣಿ ನೆಡುತ್ತದೆ ಎಂದಿಟ್ಟುಕೊಳ್ಳಿ. ಆಗ ಒಂದೊಂದು ಸಾಲಿನಲ್ಲಿಯೂ ಸೆಕೆಂಡಿಗೆ ನಾಲ್ಕು ಏಟು ಬೀಳುತ್ತದೆ. ಎರಡು ಏಟುಗಳ ನಡುವೆ ಕಾಲು ಸೆಕೆಂಡು. ಅಷ್ಟರಲ್ಲಿ ಕೈಯಿಕ್ಕಿ ತೆಗೆಯುತ್ತೇನೆಂಬ ಮನುಷ್ಯ ಇನ್ನೂ ಹುಟ್ಟಿಲ್ಲ. ತಟ್ಟೆಯ ಬಾಯಿ ಗಟ್ಟಿ ಕಬ್ಬಿಣದ್ದು. ಬೆರಳು ಬಂದು ಅದರ ಅಂಚನ್ನು ಕತ್ತರಿಯಂತೆ ಸವರಿಕೊಂಡು ಇಳಿಯುತ್ತದೆ. ಸಸಿಯ ಬೇರಿಗೂ ನಮ್ಮ ಬೆರಳಿಗೂ ಅದು ಭೇದ ಮಾಡುವುದಿಲ್ಲ.

ಇದೆಲ್ಲ ಗೊತ್ತಿದ್ದೂ ಜನ ಕೈ ಹಾಕುತ್ತಾರಲ್ಲ, ಏಕೆ? ಹೋದ ಮಳೆಗಾಲದಲ್ಲಿ ನಾನು ಒಂದು ಗದ್ದೆಗೆ ಹೋಗಿದ್ದಾಗ ಯಂತ್ರ ನಡೆಸುವ ಹುಡುಗ ಎಂಜಿನನ್ನು ಹಾಗೇ ಗುರುಗುಟ್ಟಲು ಬಿಟ್ಟು, ತಟ್ಟೆಯ ಕೆಳಗೆ ಎರಡು ಬೆರಳು ತೂರಿಸಿ ಮಣ್ಣು ಕೆರೆಯುತ್ತಿದ್ದ. ನಿಲ್ಲಿಸಪ್ಪಾ ಎಂದು ಕೂಗಿದೆ. ಅವನು ತಲೆಯೆತ್ತಿ, “ನಿಲ್ಸಿದ್ರೆ ಮತ್ತೆ ಸ್ಟಾರ್ಟ್ ಆಗೋದಿಲ್ಲ ಸಾರ್, ಹಗ್ಗ ಎಳ್ದು ಎಳ್ದು ರಟ್ಟೆ ಬಿದ್ದೋಗುತ್ತೆ” ಎಂದ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಆ ಎಂಜಿನು ಬೆಳಿಗ್ಗೆ ಹದಿನೈದು ಸಲ ಎಳೆದ ಮೇಲೆ ಎಚ್ಚರಗೊಂಡಿತ್ತಂತೆ. ಅವನಿಗೆ ಅಪಾಯ ತಿಳಿಯದೆ ಇರಲಿಲ್ಲ. ಎಂಜಿನು ನಿಂತರೆ ಅರ್ಧ ಗಂಟೆ ಹೋಗುತ್ತದೆ, ಬಾಡಿಗೆ ಗಂಟೆಯ ಲೆಕ್ಕದಲ್ಲಿ ಓಡುತ್ತದೆ, ಏರಿಯ ಮೇಲೆ ಯಜಮಾನ ಗಡಿಯಾರ ನೋಡುತ್ತಾ ನಿಂತಿದ್ದಾನೆ.

ಆದಕಾರಣ ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳಿಬಿಡುತ್ತೇನೆ. ಒಂದೇ ಎಳೆತಕ್ಕೆ ಸ್ಟಾರ್ಟಾಗುವ ಯಂತ್ರವನ್ನು ನಿಲ್ಲಿಸಲು ಯಾರೂ ಹಿಂಜರಿಯುವುದಿಲ್ಲ. ಹದಿನೈದು ಎಳೆತ ಬೇಡುವ ಯಂತ್ರವನ್ನು ಯಾರೂ ನಿಲ್ಲಿಸುವುದಿಲ್ಲ. ಪ್ಲಗ್ಗು, ಪೆಟ್ರೋಲು, ಗಾಳಿಯ ಜಾಲರಿ ಇವುಗಳ ಆರೈಕೆಯನ್ನು ನಾವು ಎಂಜಿನಿನ ಆಯುಸ್ಸಿಗಾಗಿ ಎಂದುಕೊಂಡಿದ್ದೇವೆ. ಅದು ಕೈಯ ಆಯುಸ್ಸಿಗೂ ಹೌದು.

ಹಾಗಾದರೆ ಎಂಜಿನು ಏಕೆ ಹಟ ಮಾಡುತ್ತದೆ? ಮೊದಲ ಕಾರಣ ಹಳೆಯ ಪೆಟ್ರೋಲು. ಹೋದ ಆಗಸ್ಟಿನಲ್ಲಿ ನಾಟಿ ಮುಗಿಸಿ ಮೂಲೆಗೆ ತಳ್ಳಿದ ಯಂತ್ರದ ಟ್ಯಾಂಕಿನಲ್ಲಿ ಅದೇ ಪೆಟ್ರೋಲು ಹತ್ತು ತಿಂಗಳು ನಿಂತಿರುತ್ತದೆ. ಈಗ ನಮಗೆ ದೊರೆಯುವ ಪೆಟ್ರೋಲಿನಲ್ಲಿ ಎಥನಾಲು ಬೆರೆತಿರುತ್ತದೆ. ನೂರಕ್ಕೆ 20 ಪಾಲಿನವರೆಗೂ ಇರುವುದುಂಟು. ಎಥನಾಲು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಕೊಡಗಿನ ಮಳೆಗಾಲದ ಗಾಳಿ ಎಂದರೆ ಕೇಳಬೇಕೆ! ಪೆಟ್ಟಿಗೆಯಲ್ಲಿಟ್ಟ ಬಟ್ಟೆಯೇ ಬೂಸಲು ಹಿಡಿಯುತ್ತದೆ. ಹೀಗೆ ನೀರು ಸೇರಿದ, ಅಂಟು ಕಟ್ಟಿದ ಪೆಟ್ರೋಲು ಕಾರ್ಬೊರೇಟರಿನ ಸೂಜಿಯಷ್ಟು ಸಣ್ಣ ತೂತನ್ನು ಮುಚ್ಚಿಬಿಡುತ್ತದೆ. ಹಳೆಯದನ್ನು ಪೂರ್ತಿ ಬಸಿದು, ಕಾರ್ಬೊರೇಟರಿನ ಕೆಳಬಟ್ಟಲಿನ ತಿರುಪು ಸಡಿಲಿಸಿ ಅಲ್ಲಿರುವುದನ್ನೂ ಹೊರಬಿಟ್ಟು, ಹೊಸದನ್ನು ತುಂಬಿ. ಬಸಿಯುವ ಕೆಲಸ ಬಯಲಿನಲ್ಲಾಗಬೇಕು, ಒಲೆಯ ಬಳಿ ಅಲ್ಲ, ಬೀಡಿ ಸೇದುವವರ ಪಕ್ಕದಲ್ಲಿಯೂ ಅಲ್ಲ. ಬಸಿದುದನ್ನು ನೀರಿನ ಬಾಟಲಿಯಲ್ಲಿ ತುಂಬಿ ಕಿಟಕಿಯ ಮೇಲಿಡುವ ಅಭ್ಯಾಸ ಹಲವು ಮನೆಗಳಲ್ಲಿದೆ. ಅಮ್ಮಂದಿರೇ, ಅದನ್ನು ಕಂಡ ಕೂಡಲೇ ತೆಗೆಸಿಬಿಡಿ. ಬಾಯಾರಿದ ಮಗುವಿಗೆ ಬಾಟಲಿಯ ಗುರುತು ಮಾತ್ರ ಗೊತ್ತು.

ಎರಡನೆಯದು ಪ್ಲಗ್ಗು. ಮಸಿ ಹಿಡಿದಿದ್ದರೆ ತಂತಿಯ ಬ್ರಷ್ಷಿನಿಂದ ಉಜ್ಜಿ ಒಣಗಿಸಿ, ತುದಿಯ ಸಂದು ನಿಮ್ಮ ಯಂತ್ರದ ಕೈಪಿಡಿಯಲ್ಲಿ ಹೇಳಿದಷ್ಟಿದೆಯೇ ನೋಡಿ. ಈ ಬಗೆಯ ಚಿಕ್ಕ ಎಂಜಿನುಗಳಲ್ಲಿ ಅದು ಸಾಮಾನ್ಯವಾಗಿ 0.7 ಮಿ.ಮೀ. ಆಸುಪಾಸಿನಲ್ಲಿರುತ್ತದೆ. ತುದಿ ಸವೆದಿದ್ದರೆ ಉಜ್ಜುತ್ತಾ ಕೂರಬೇಡಿ, ಹೊಸದು ಹಾಕಿ. ಒಬ್ಬ ಆಳಿನ ಅರ್ಧ ದಿನದ ಕೂಲಿಯೂ ಅದಕ್ಕಾಗುವುದಿಲ್ಲ. ಮೂರನೆಯದು ಗಾಳಿಯ ಜಾಲರಿ. ಸ್ಪಂಜಿನದಾದರೆ ಸಾಬೂನಿನ ನೀರಿನಲ್ಲಿ ತೊಳೆದು, ಹಿಂಡದೆ ಒತ್ತಿ, ನೆರಳಿನಲ್ಲಿ ಒಣಗಿಸಿ. ಪೆಟ್ರೋಲಿನಲ್ಲಿ ತೊಳೆಯಬೇಡಿ. ಎಂಜಿನ್ ಎಣ್ಣೆಯನ್ನು ಪ್ರತಿದಿನ ಬೆಳಿಗ್ಗೆ ಯಂತ್ರವನ್ನು ಸಮನೆಲದಲ್ಲಿ ನಿಲ್ಲಿಸಿ ನೋಡತಕ್ಕದ್ದು.

ಇಷ್ಟಾದ ಮೇಲೆ ನಿಲ್ಲಿಸುವ ಗುಂಡಿಯನ್ನು ಪರೀಕ್ಷಿಸಿ. ಸ್ಟಾರ್ಟಾಗುತ್ತದೆಯೇ ಎಂದು ನೋಡುವವರು ನೂರು ಮಂದಿ, ನಿಲ್ಲುತ್ತದೆಯೇ ಎಂದು ನೋಡುವವರು ಒಬ್ಬರೋ ಇಬ್ಬರೋ. ಬಾಡಿಗೆಯ ಯಂತ್ರವಾದರೆ ಗದ್ದೆಗೆ ಇಳಿಸುವ ಮೊದಲೇ, ಏರಿಯ ಮೇಲೆ, ಎರಡು ಸಲ ಸ್ಟಾರ್ಟ್ ಮಾಡಿ ಎರಡು ಸಲ ನಿಲ್ಲಿಸಿ ತೋರಿಸಲು ಹೇಳಿ. ಬೆಲ್ಟು, ಚೈನುಗಳ ಮೇಲಿನ ತಗಡಿನ ಮುಚ್ಚಳಗಳು ಇವೆಯೇ ಎಂದು ಕೇಳಿ. ಮುಚ್ಚಳವಿಲ್ಲದಿದ್ದರೆ ಯಂತ್ರವನ್ನು ಹಿಂದಕ್ಕೆ ಕಳುಹಿಸುವ ಹಕ್ಕು ಹಣ ಕೊಡುವ ನಿಮಗಿದೆ. ಸಂಕೋಚ ಬೇಡ. ಭತ್ತ, ಗೋಧಿ ಬಡಿಯುವ ಒಕ್ಕಣೆ ಯಂತ್ರಗಳಿಗೆ ಸಿಕ್ಕಿ ದೇಶದಲ್ಲಿ ಎಷ್ಟೋ ಜನ ಕೈ ಕಳೆದುಕೊಂಡ ಮೇಲೆ, 1983ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯಿದೆಯನ್ನೇ ಸಂಸತ್ತು ಮಾಡಬೇಕಾಯಿತು. ಕಾಯಿದೆ ಬಂದು ನಿಮ್ಮ ಗದ್ದೆಯ ಏರಿಯ ಮೇಲೆ ನಿಲ್ಲುವುದಿಲ್ಲ. ನೀವು ನಿಲ್ಲಬೇಕು.

ಇನ್ನು ಯಂತ್ರ ಗದ್ದೆಯಲ್ಲಿ ಸಿಕ್ಕಿಕೊಳ್ಳುವುದು ಯಾವಾಗ? ಬಹುಪಾಲು ಕಲ್ಲಿನಿಂದ. ಆ ಕಲ್ಲು ಬರುವುದು ಎಲ್ಲಿಂದ? ಗದ್ದೆಯಿಂದಲ್ಲ, ನಾವೇ ಮಾಡಿದ ಅಗೆಪಾತಿಯಿಂದ. ಯಂತ್ರದ ನಾಟಿಗೆ 2 ರಿಂದ 2.5 ಸೆಂ.ಮೀ. ದಪ್ಪದ ಮಣ್ಣಿನ ಚಾಪೆಯಲ್ಲಿ ಸಸಿ ಬೆಳೆಸುತ್ತೇವಷ್ಟೆ. ತೋಟದ ಬದಿಯಿಂದ ಅಗೆದು ತಂದ ಮಣ್ಣಿನಲ್ಲಿ ನೊರಜುಗಲ್ಲು, ಬೇರಿನ ತುಂಡು, ಕಾಫಿ ಕಡ್ಡಿ ಎಲ್ಲವೂ ಇರುತ್ತವೆ. ಅದನ್ನು ಸಣ್ಣ ಕಣ್ಣಿನ ಜರಡಿಯಲ್ಲಿ ಹಿಡಿಯದೆ ಹಾಗೆಯೇ ಹರಡಿದರೆ ಇಪ್ಪತ್ತು ದಿನಗಳ ಮೇಲೆ ಅದೇ ಕಲ್ಲು ಚಾಪೆಯೊಂದಿಗೆ ಯಂತ್ರವನ್ನೇರಿ ಕಬ್ಬಿಣದ ಬೆರಳಿಗೆ ಅಡ್ಡ ಬರುತ್ತದೆ. ಅಗೆಪಾತಿಯ ಕೆಲಸ ಸಾಮಾನ್ಯವಾಗಿ ಹೆಂಗಸರದು. ಈ ವಾರ ಮಣ್ಣು ಜರಡಿ ಹಿಡಿಯುತ್ತಿರುವ ತಾಯಂದಿರೇ, ನೀವು ಎತ್ತಿ ಎಸೆಯುವ ಒಂದೊಂದು ಕಲ್ಲೂ ಜುಲೈ ತಿಂಗಳಲ್ಲಿ ಒಬ್ಬನ ಕೈಯನ್ನು ಯಂತ್ರದಿಂದ ದೂರವಿಡುತ್ತದೆ. ಚಾಪೆ ತೀರ ಒಣಗಿದ್ದರೆ ಜಾರುವುದಿಲ್ಲ, ತೀರ ಒದ್ದೆಯಾದರೆ ಮಡಚಿಕೊಳ್ಳುತ್ತದೆ. ಎರಡರಿಂದಲೂ ಗುಣಿ ತಪ್ಪುತ್ತದೆ, ಗುಣಿ ತಪ್ಪಿತೆಂದರೆ ಕೈ ಹೋಗುತ್ತದೆ. ಏರಿಸುವ ಮುನ್ನ ಚಾಪೆ ಸುತ್ತಿದರೆ ಒಡೆಯದ ಹದದಲ್ಲಿರಬೇಕು.

ಕಲ್ಲು ಸಿಕ್ಕಿದಾಗ ಹಲವು ಯಂತ್ರಗಳಲ್ಲಿ ರಕ್ಷಣೆಯ ಕ್ಲಚ್ಚು ಜಾರಿ ಟಕ್ ಟಕ್ ಎಂಬ ಸದ್ದು ಬರುತ್ತದೆ. ಆ ಸದ್ದು ಕೇಳಿದೊಡನೆ ನಾಟಿ ಕ್ಲಚ್ಚು ಬಿಡಿಸಿ, ಎಂಜಿನ್ ನಿಲ್ಲಿಸಿ. ಕ್ಲಚ್ಚು ಬಿಡಿಸಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಕ್ಲಚ್ಚಿನ ತಂತಿ ಹಿಗ್ಗಿದ್ದರೆ ಹಿಡಿಕೆ ಬಿಡಿಸಿದಂತೆ ಕಂಡರೂ ಒಳಗೆ ಪೂರ್ತಿ ಬಿಟ್ಟಿರುವುದಿಲ್ಲ. ಇಲ್ಲವೇ ಕೆಸರಿನಲ್ಲಿ ಜಾರಿದವನೊಬ್ಬ ಆಸರೆಗೆಂದು ಅದೇ ಹಿಡಿಕೆಯನ್ನು ಹಿಡಿಯುತ್ತಾನೆ. ಎಂಜಿನ್ ನಿಂತ ಮೇಲೆ ಪ್ಲಗ್ಗಿನ ಟೊಪ್ಪಿಗೆಯನ್ನೂ ಎಳೆದು ಪಕ್ಕಕ್ಕಿಡಿ, ಪಕ್ಕದ ಹೊಗೆಕೊಳವೆ ಮಾತ್ರ ಕೈಗೆ ತಾಗದಿರಲಿ. ಡೀಸೆಲ್ ಎಂಜಿನಿಗೆ ಪ್ಲಗ್ಗಿಲ್ಲ. ಅದರ ತಿರುಗಿಸುವ ಹಿಡಿಕೆಯನ್ನು ಕೈಪಿಡಿಯೊಂದಿಗೆ ನಿಮ್ಮ ಬಳಿಯೇ ಇಟ್ಟುಕೊಳ್ಳಿ. ರಿಪೇರಿಗೆ ಬಗ್ಗಿದವನ ಜೇಬಿನಲ್ಲಿ ಕೀಲಿ ಇರಬೇಕು, ಇನ್ನೊಬ್ಬನ ಕೈಯಲ್ಲಲ್ಲ.

ಇಲ್ಲಿಗೇ ಮುಗಿಯಲಿಲ್ಲ. ಎಂಜಿನ್ ಸತ್ತಿದ್ದರೂ ಸಿಕ್ಕಿಕೊಂಡ ಬೆರಳಿನಲ್ಲಿ ಬಿಗಿ ಉಳಿದಿರುತ್ತದೆ. ಕಲ್ಲು ಸಡಿಲಾದ ಗಳಿಗೆಯಲ್ಲಿ ಅದು ಸಟ್ಟನೆ ಮುಂದಕ್ಕೆ ಹಾರುತ್ತದೆ, ಒಳಗಿನ ಕಡ್ಡಿಯೂ ಚಿಮ್ಮುತ್ತದೆ. ಆದ್ದರಿಂದ ಕಲ್ಲನ್ನು ಇಕ್ಕುಳದಿಂದಲೋ ಗಟ್ಟಿ ಕಡ್ಡಿಯಿಂದಲೋ ತೆಗೆಯಬೇಕೇ ಹೊರತು ಬರಿಗೈಯಿಂದಲ್ಲ. ಒಂದು ಮೊಳ ಉದ್ದದ ಬಿದಿರು ಸೀಳನ್ನು ಕೆತ್ತಿ, ಒಂದು ಇಕ್ಕುಳದೊಂದಿಗೆ ದಾರದಿಂದ ಯಂತ್ರದ ಹಿಡಿಗೆ ಕಟ್ಟಿಬಿಡಿ. ಹುಡುಕುವ ಶ್ರಮವಿದ್ದರೆ ಯಾರೂ ಬಳಸುವುದಿಲ್ಲ.

ಸಸಿಚಾಪೆಯನ್ನು ಏರಿಸುವವರ ವಿಷಯ ಬೇರೆಯೇ ಹೇಳಬೇಕು. ಯಂತ್ರ ನಡೆಸುವವನಿಗೆ ಒಂದಿಷ್ಟು ತರಬೇತಿಯಾದರೂ ಆಗಿರುತ್ತದೆ. ಚಾಪೆ ಹೊತ್ತು ಏರಿಯ ಮೇಲೆ ನಿಂತ ಮನೆಯ ಹೆಣ್ಣುಮಗಳಿಗೆ ಯಾರೂ ಏನೂ ಹೇಳಿರುವುದಿಲ್ಲ. ಯಂತ್ರ ಸಾಲಿನ ಕೊನೆಗೆ ಬಂದು ಪೂರ್ತಿ ನಿಂತ ಮೇಲೆಯೇ ಚಾಪೆ ಏರಿಸಿ. ನಡೆಯುವ ಯಂತ್ರದ ಜೊತೆಯಲ್ಲಿ ಓಡುತ್ತಾ ಏರಿಸುವ ಚಾತುರ್ಯ ಬೇಡ. ಚಾಪೆಯನ್ನು ತಟ್ಟೆಯ ಮೇಲ್ತುದಿಯಿಂದ ಜಾರಿಸಬೇಕು, ಕೆಳಗಿನಿಂದ ಎಳೆಯಬಾರದು. ಸೆರಗನ್ನು ಸೊಂಟಕ್ಕೆ ಸುತ್ತಿ ಸಿಕ್ಕಿಸಿ, ತಲೆಗೂದಲನ್ನು ಗಂಟು ಹಾಕಿ. ಮಳೆಗೆ ಹೊದೆಯುವ ಪ್ಲಾಸ್ಟಿಕ್ ಹಾಳೆಯ ಜೋಲುವ ಅಂಚು ಬೆಲ್ಟಿಗೆ ಸಿಕ್ಕುವ ವಸ್ತು. ಅದನ್ನು ನಡುವಿಗೆ ಹಗ್ಗದಿಂದ ಕಟ್ಟಿಕೊಳ್ಳಿ. ನಡೆಸುವವನೂ ಚಾಪೆ ಏರಿಸುವವಳೂ ಮೊದಲೇ ಒಂದು ಮಾತು ಮಾಡಿಕೊಳ್ಳಬೇಕು: ಅವಳು ‘ಹೂಂ, ಹೋಗು’ ಎನ್ನುವ ತನಕ ಅವನು ಕ್ಲಚ್ಚು ಮುಟ್ಟುವಂತಿಲ್ಲ.

ಕಬ್ಬಿಣದ ಬೆರಳುಗಳ ತುದಿ ನೆಡುತ್ತಾ ಹೋದಂತೆ ಸವೆಯತೊಡಗುತ್ತದೆ, ಮರಳು ಮಿಶ್ರವಾದ ಗದ್ದೆಯಲ್ಲಿ ಇನ್ನೂ ಬೇಗ. ಸವೆದ ಬೆರಳು ಸಸಿಯನ್ನು ಸರಿಯಾಗಿ ಹಿಡಿಯುವುದಿಲ್ಲ. ಎಷ್ಟು ಸವೆದರೆ ಬದಲಿಸಬೇಕೆಂಬುದು ಕೈಪಿಡಿಯಲ್ಲಿದೆ, ಅಳತೆಯ ಪಟ್ಟಿಯನ್ನೂ ಯಂತ್ರದೊಂದಿಗೆ ಕೊಟ್ಟಿರುತ್ತಾರೆ. ಬೆರಳಿಗೂ ತಟ್ಟೆಯ ಬಾಯಿಗೂ ನಡುವಣ ಸಂದನ್ನು ಆ ಪಟ್ಟಿಯಿಂದಲೇ ನೋಡತಕ್ಕದ್ದು. ಬೆಲ್ಟಿನ ಬಿಗಿಯನ್ನು ನೋಡುವುದಾದರೆ ಎಂಜಿನ್ ನಿಂತಿರುವಾಗ ನಡುಭಾಗವನ್ನು ಹೆಬ್ಬೆರಳಿನಿಂದ ಒತ್ತಿ. ಒಂದು ಒಂದೂವರೆ ಸೆಂ.ಮೀ. ತಗ್ಗಿದರೆ ಸರಿ. ಯಂತ್ರದ ಅಡಿಗೆ ನುಸುಳುವ ಕೆಲಸವಿದ್ದರೆ ಕೆಸರಿನಲ್ಲಿ ಮಾಡಬೇಡಿ. ಏರಿಯಾಚೆಯ ಗಟ್ಟಿ ನೆಲಕ್ಕೆ ತಂದು, ಮೇಲೆತ್ತಿದ ಭಾಗದ ಕೆಳಗೆ ಮರದ ದಿಮ್ಮಿ ಕೊಟ್ಟ ಮೇಲೆಯೇ ಕೈಯಿಡಿ. ಎತ್ತಿ ಹಿಡಿದಿರುವ ಎಣ್ಣೆಯ ಒತ್ತಡವನ್ನು ನಂಬಿ ಅದರಡಿ ಕೂರುವುದು ತೂಗುಬಂಡೆಯ ಕೆಳಗೆ ಮಲಗಿದಂತೆ.

ಸಂಜೆ ತೊಳೆಯುವಾಗಲೂ ಎಂಜಿನ್ ನಿಂತಿರಲಿ. ಬೆರಳುಗಳ ಹಿಂಭಾಗ ತೊಳೆಯಬೇಕಾದರೆ ಪ್ಲಗ್ಗಿನ ಟೊಪ್ಪಿಗೆ ತೆಗೆದು, ಎಲ್ಲರ ಕೈಯೂ ದೂರವಿರುವಾಗ ಒಬ್ಬನು ಎಳೆಹಗ್ಗವನ್ನು ಮೆಲ್ಲನೆ ಎಳೆದರೆ ಬೆರಳುಗಳು ತಿರುಗಿ ಮುಂದಕ್ಕೆ ಬರುತ್ತವೆ. ತೊಳೆದ ಮೇಲೆ ಎಣ್ಣೆ ಬಿಡಿ. ಪೆಟ್ರೋಲು ತುಂಬುವುದು ಎಂಜಿನ್ ತಣಿದ ಮೇಲೆ. ಕೊಟ್ಟಿಗೆಯ ಬಾಗಿಲು ಹಾಕಿಕೊಂಡು ಎಂಜಿನ್ ಓಡಿಸಿ ನೋಡುವವರಿದ್ದಾರೆ, ಹೊರಗೆ ಮಳೆಯೆಂದು. ಆ ಹೊಗೆಯಲ್ಲಿರುವ ವಿಷಗಾಳಿಗೆ ವಾಸನೆಯಿಲ್ಲ. ಮನುಷ್ಯ ಕುಳಿತಲ್ಲೇ ಒರಗುತ್ತಾನೆ.

ನಮ್ಮ ಗದ್ದೆಗಳು ಮೆಟ್ಟಿಲು ಮೆಟ್ಟಿಲಾಗಿವೆ. ಒಂದರಿಂದ ಇನ್ನೊಂದಕ್ಕೆ ಇಳಿಸುವಾಗ, ಪಿಕಪ್ ಗಾಡಿಗೆ ಏರಿಸುವಾಗ ಹಲಗೆ ಗಿಡ್ಡವಾದರೆ ಯಂತ್ರ ಮಗುಚುತ್ತದೆ. ಗಾಡಿಯ ತಳ ಎಷ್ಟು ಎತ್ತರವೋ ಅದರ ನಾಲ್ಕರಷ್ಟು ಉದ್ದದ ಹಲಗೆ ಬೇಕು. ಹಲಗೆಯ ನಡುವೆ ಕ್ಲಚ್ಚು ಹಿಡಿಯುವುದಾಗಲಿ ಗೇರು ಬದಲಿಸುವುದಾಗಲಿ ಕೂಡದು. ಯಂತ್ರದ ಕೆಳಬದಿಯಲ್ಲಿ ಯಾರೂ ನಿಲ್ಲಬಾರದು, ಹಿಡಿದು ನಿಲ್ಲಿಸುತ್ತೇನೆಂಬ ಶೂರರೂ ಸೇರಿದಂತೆ.

ಕುಶಾಲನಗರ, ಶನಿವಾರಸಂತೆಯ ಕಡೆ ಟ್ರ್ಯಾಕ್ಟರಿನ ಕೂರಿಗೆಯಿಂದ ಮುಸುಕಿನ ಜೋಳ ಬಿತ್ತುವ ಬಂಧುಗಳೂ ಇದನ್ನು ಕೇಳುತ್ತಿರಬಹುದು. ಅವರಿಗೆ ಎರಡೇ ಮಾತು. ಔಷಧ ಲೇಪಿಸಿದ ಬೀಜ ಕಟ್ಟಿಕೊಂಡ ಕೊಳವೆಯನ್ನು ಬಾಯಿಯಿಂದ ಊದಬೇಡಿ, ಬಣ್ಣದ ಬೀಜದ ಧೂಳನ್ನು ಬರಿಗೈಯಿಂದ ಬಳಿಯಬೇಡಿ. ಕೂರಿಗೆಯನ್ನು ಎತ್ತಿ ನಿಲ್ಲಿಸಿ ಅಡಿಗೆ ಹೋಗುವ ಬದಲು ನೆಲಕ್ಕಿಳಿಸಿ, ಟ್ರ್ಯಾಕ್ಟರ್ ಆರಿಸಿ, ಬೀಗದ ಕೈ ಜೇಬಿಗೆ ಹಾಕಿಕೊಂಡು ಕೆಲಸ ಮಾಡಿ.

ಇಷ್ಟೆಲ್ಲ ಮಾಡಿಯೂ ಕೈಗೆ ಪೆಟ್ಟಾದರೆ? ಗಾಯಕ್ಕೆ ಕಾಫಿಪುಡಿ ಒತ್ತುವುದು ನಮ್ಮಲ್ಲಿ ಹಳೆಯ ವಾಡಿಕೆ. ಅರಿಸಿನ, ಸೀಮೆಎಣ್ಣೆಯೂ ಉಂಟು. ಯಾವುದೂ ಬೇಡ. ಶುದ್ಧ ನೀರಿನಿಂದ ಕೆಸರು ತೊಳೆದು, ಒಗೆದ ಬಟ್ಟೆಯನ್ನು ಗಟ್ಟಿಯಾಗಿ ಒತ್ತಿ ಹಿಡಿದು, ಕೈಯನ್ನು ಎದೆಗಿಂತ ಮೇಲಕ್ಕೆ ಎತ್ತಿಸಿ, ಕೂಡಲೇ ಆಸ್ಪತ್ರೆಗೆ ಹೊರಡಿ. 108ಕ್ಕೆ ಫೋನು ಮಾಡಿ. ಬೆರಳಿನ ತುಂಡು ಬೇರೆಯಾಗಿದ್ದರೆ ಅದನ್ನು ಎಸೆಯಬೇಡಿ. ನೀರಿನಲ್ಲಿ ಅಲುಬಿ, ಒದ್ದೆಯ ಶುದ್ಧ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆ ಬೆರೆಸಿದ ನೀರಿನಲ್ಲಿಟ್ಟು ಒಯ್ಯಿರಿ. ಮಂಜುಗಡ್ಡೆ ತುಂಡಿಗೆ ನೇರವಾಗಿ ತಾಗಕೂಡದು. ಕೆಸರಿನ ಗಾಯವೆಂದು ಹೇಳಿ ಧನುರ್ವಾಯುವಿನ ಚುಚ್ಚುಮದ್ದಿನ ವಿಚಾರ ಕೇಳಿ. ಒಂದೆರಡು ವಾರಗಳಲ್ಲಿ ಜ್ವರ, ಮೈಕೈನೋವು ಬಂದರೆ ಗದ್ದೆಯಲ್ಲಿ ಕೆಲಸ ಮಾಡಿದ್ದನ್ನು ವೈದ್ಯರಿಗೆ ತಪ್ಪದೆ ತಿಳಿಸಿ. ಇಲಿಜ್ವರ ಕೆಸರಿನಿಂದ ಗೀರಿನ ಮೂಲಕವೂ ಹತ್ತುತ್ತದೆ.

ನಾಟಿ ಮುಗಿದು ಸೆಪ್ಟೆಂಬರ್ 3ರ ಸುಮಾರಿಗೆ ಕೈಲ್‌ಪೊಳ್ದ್ ಬರುತ್ತದೆ. ಕೋವಿ, ಒಡಿಕತ್ತಿಗಳ ಜೊತೆಗೆ ನೇಗಿಲು ನೊಗಗಳಿಗೂ ಪೂಜೆಯಾಗುವ ಹಬ್ಬ. ಈಗ ಯಂತ್ರಕ್ಕೂ ಗಂಧ ಹಚ್ಚಿ ತೋಕ್ ಪೂ ಇಡುವವರಿದ್ದಾರೆ, ಇಡಲಿ. ಅದಕ್ಕೆ ಮೊದಲು ಟ್ಯಾಂಕಿನ ಪೆಟ್ರೋಲು ಬಸಿದು, ಕಾರ್ಬೊರೇಟರಿನಲ್ಲಿ ಉಳಿದದ್ದು ಮುಗಿಯುವ ತನಕ ಎಂಜಿನನ್ನು ಬಯಲಿನಲ್ಲಿ ಓಡಿಸಿ, ಬೆರಳುಗಳಿಗೆ ಎಣ್ಣೆ ಸವರಿ, ಮಣೆಯ ಮೇಲೆ ನಿಲ್ಲಿಸಿ. ಸವೆದ ಬೆರಳೆಷ್ಟು, ಹಿಗ್ಗಿದ ತಂತಿ ಯಾವುದು, ಇಲ್ಲದ ಮುಚ್ಚಳ ಯಾವುದು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಎಳೆಹಗ್ಗಕ್ಕೇ ಕಟ್ಟಿಬಿಡಿ. ಆ ಚೀಟಿ ಹಿಡಿದು ಏಪ್ರಿಲ್ ಮೇ ತಿಂಗಳಿನಲ್ಲಿ ಪೇಟೆಗೆ ಹೋದರೆ ಸಾಮಾನು ಸಿಕ್ಕುತ್ತದೆ. ಜುಲೈ ತಿಂಗಳ ಮಳೆಯಲ್ಲಿ ಹೋದರೆ, ಅಂಗಡಿಯವನು ಮೈಸೂರಿನಿಂದ ಬರಬೇಕು, ನಾಳೆ ಬನ್ನಿ ಎನ್ನುತ್ತಾನೆ.